ಮೊಸ್ಕಾಟೊ ವೈನಿಗೆ ಹೂವಿನ ಪರಿಮಳ ಎಲ್ಲಿಂದ ಬರುತ್ತದೆ?

ಇಟಲಿಯ ಮೊಸ್ಕಾಟೊ ದಾಸ್ಟಿ ವೈನ್ ಹೂವಿನಂತೆ ಘಮಘಮಿಸುತ್ತದೆ, ಸಿಹಿಯೂ ಆಗಿದೆ. ಅದಕ್ಕೆ ಸುಗಂಧದ್ರವ್ಯ, ಸಕ್ಕರೆ ಬೆರೆಸುತ್ತಾರೆಯೇ ಎಂದು ಕೇಳಿದ್ದೀರಿ. ಇಲ್ಲ. ಆ ಪರಿಮಳವೂ ನಾಲಿಗೆಗೆ ತಗಲುವ ಸಿಹಿಯೂ ಮೊಸ್ಕಾಟೊ ಬಿಯಾಂಕೊ ಎಂಬ ಬಿಳಿ ದ್ರಾಕ್ಷಿಯವೇ.

ಬಹುತೇಕ ವೈನ್ ದ್ರಾಕ್ಷಿಗಳನ್ನು ಹಾಗೆಯೇ ತಿಂದರೆ ಮುಂದೆ ವೈನಿನಲ್ಲಿ ಬರುವ ಪರಿಮಳ ಅಷ್ಟಾಗಿ ಸಿಗುವುದಿಲ್ಲ. ಹೆಚ್ಚಿನದು ಹುದುಗುವಾಗ ಹೊರಬರುತ್ತದೆ. ಮೊಸ್ಕಾಟೊದಲ್ಲಿ ಅದು ಹಣ್ಣಿನಲ್ಲೇ ತುಂಬಿರುತ್ತದೆ. ಸಿಪ್ಪೆಯಲ್ಲಿ ಹೆಚ್ಚಾಗಿರುವ ಲಿನಲೂಲ್, ಜೆರಾನಿಯಾಲ್‌ನಂಥ ಟರ್ಪೀನುಗಳೆಂಬ ಪರಿಮಳದ ರಾಸಾಯನಿಕಗಳೇ ಇದಕ್ಕೆ ಕಾರಣ. ನಮ್ಮ ಮಲ್ಲಿಗೆಯಲ್ಲೂ ಕೊತ್ತಂಬರಿ ಬೀಜದಲ್ಲೂ ಲಿನಲೂಲ್ ಇದೆ, ಗುಲಾಬಿಯಲ್ಲಿ ಜೆರಾನಿಯಾಲ್ ಇದೆ. ನಿಮ್ಮ ಮೂಗು ಸರಿಯಾಗಿಯೇ ಗುರುತಿಸಿದೆ.

ವಾಯವ್ಯ ಇಟಲಿಯ ಪಿಯೆಮೊಂಟೆಯಲ್ಲಿ, ಆಸ್ಟಿ ಮತ್ತು ಕಾನೆಲ್ಲಿ ಸುತ್ತಲಿನ ಗುಡ್ಡಗಳಲ್ಲಿ ಇದನ್ನು ಬೆಳೆಯುತ್ತಾರೆ. ಅಲ್ಲಿನವರ ಜಾಣ್ಮೆಯೆಲ್ಲ ಹಣ್ಣಿನ ಪರಿಮಳವನ್ನು ಕಳೆಯದೆ ಉಳಿಸಿಕೊಳ್ಳುವುದರಲ್ಲಿದೆ. ಹಿಂಡಿದ ರಸವನ್ನು ಹೆಚ್ಚುಕಡಿಮೆ ಹೆಪ್ಪುಗಟ್ಟುವಷ್ಟು ತಣ್ಣಗಿಟ್ಟು, ಬೇಕಾದಾಗ ಬೇಕಾದಷ್ಟನ್ನೇ ಮುಚ್ಚಿದ ಉಕ್ಕಿನ ತೊಟ್ಟಿಗಳಲ್ಲಿ ಹುದುಗಿಸುತ್ತಾರೆ. ಆಲ್ಕೋಹಾಲ್ ಶೇ. 5ರ ಆಸುಪಾಸಿಗೆ ಬಂದಾಗ ಮತ್ತೆ ತಣಿಸಿ, ಯೀಸ್ಟನ್ನು ಸೋಸಿ ತೆಗೆಯುತ್ತಾರೆ. ಯೀಸ್ಟ್ ತಿನ್ನದೆ ಬಿಟ್ಟ ಹಣ್ಣಿನ ಸಕ್ಕರೆಯೇ ನೀವು ಸವಿದ ಸಿಹಿ. ಹುದುಗುವಾಗ ಹುಟ್ಟಿ ತೊಟ್ಟಿಯಿಂದ ಹೊರಹೋಗಲಾಗದ ಅನಿಲವೇ ಈ ವೈನಿನ ಸಣ್ಣ ನೊರೆ. ಒತ್ತಡದ ತೊಟ್ಟಿಯಲ್ಲಿ ಹುದುಗಿಸುವ ಈ ವಿಧಾನಕ್ಕೆ 1895ರಲ್ಲಿ ಪೇಟೆಂಟ್ ಪಡೆದವರು ಇಟಲಿಯ ಫೆಡೆರಿಕೊ ಮಾರ್ಟಿನೊಟ್ಟಿ. ಅದಕ್ಕೂ ಮೊದಲೇ, 1865ರ ಸುಮಾರಿಗೆ, ಕಾರ್ಲೊ ಗಾಂಚಾ ಕಾನೆಲ್ಲಿಯಲ್ಲಿ ಇದೇ ದ್ರಾಕ್ಷಿಯಿಂದ ನೊರೆವೈನ್ ಮಾಡಿದ್ದರು. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಿಯೆಮೊಂಟೆಯ ದ್ರಾಕ್ಷಿ ಸೀಮೆಯಲ್ಲಿ ಕಾನೆಲ್ಲಿಯೂ ಇದೆ.

ಸಿಹಿ ವೈನ್ ಎಂದರೆ ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಳ್ಳೆಯ ಮೊಸ್ಕಾಟೊದಲ್ಲಿ ಹುಳಿಯೂ ಹದವಾಗಿರುವುದರಿಂದ ಸಿಹಿ ಗಂಟಲಿಗೆ ಕಟ್ಟುವುದಿಲ್ಲ, ಇಷ್ಟು ನಿಚ್ಚಳವಾಗಿ ಹಣ್ಣನ್ನೇ ನೆನಪಿಸುವ ವೈನ್ ಬೇರೆ ನನಗೆ ಗೊತ್ತಿಲ್ಲ.

ಕೊಳ್ಳುವಾಗ ಬಾಟಲಿಯ ಮೇಲಿನ ವರ್ಷವನ್ನು ತಪ್ಪದೆ ನೋಡಿ. ಇದು ಕೂಡಿಡುವ ವೈನ್ ಅಲ್ಲ. ಒಂದೆರಡು ವರ್ಷದಲ್ಲಿ ಆ ಹೂವಿನ ಪರಿಮಳ ಮಂಕಾಗತೊಡಗುತ್ತದೆ. ಚೆನ್ನಾಗಿ ತಣಿಸಿ ಕುಡಿಯಿರಿ. ಪಿಯೆಮೊಂಟೆಗೇ ಹೋಗುವುದಾದರೆ ಅಲ್ಲಿನ ಹೇಜಲ್‌ನಟ್ ಕೇಕಿನೊಂದಿಗೆ ಕೇಳಿ ತರಿಸಿಕೊಳ್ಳಿ.