ಬರೀ ಹಲ್ಲು ನೋಡಿ 10 ಅಡಿ ಎತ್ತರ ಹೇಳಬಹುದಾ?

ಪ್ರಶ್ನೆ: ಚೀನಾದಲ್ಲಿ ಹಿಂದೆ 10 ಅಡಿ ಎತ್ತರದ ವಾನರ ಇತ್ತಂತೆ. ಆದರೆ ಅದರ ಹಲ್ಲು, ದವಡೆ ಮಾತ್ರ ಸಿಕ್ಕಿವೆ ಅಂತ ಓದಿದೆ. ಹಾಗಾದರೆ ಎತ್ತರ ಹೇಗೆ ಗೊತ್ತಾಯಿತು? ಅದು ಪೀಕಿಂಗ್ ಮಾನವನ ಪೂರ್ವಜನಾ?

ಉತ್ತರ: ನಿಮ್ಮ ಅನುಮಾನ ಸರಿಯಾಗೇ ಇದೆ. ಆ 10 ಅಡಿ ಬರೀ ಅಂದಾಜು.

ಈ ವಾನರದ ಹೆಸರು ಜೈಗ್ಯಾಂಟೋಪಿಥೆಕಸ್ ಬ್ಲ್ಯಾಕಿ. ಅದರ ಮೊದಲ ಹಲ್ಲು ಕಣ್ಣಿಗೆ ಬಿದ್ದದ್ದು 1935ರಲ್ಲಿ, ಹಾಂಗ್‌ಕಾಂಗ್‌ನ ಔಷಧಿ ಅಂಗಡಿಯಲ್ಲಿ! ಅಲ್ಲಿನ ನಾಟಿ ವೈದ್ಯರು ಪಳೆಯುಳಿಕೆಗಳನ್ನು ‘ಡ್ರ್ಯಾಗನ್ ಮೂಳೆ’ ಅಂತ ಕರೆದು, ಪುಡಿ ಮಾಡಿ ಮದ್ದಿಗೆ ಹಾಕುತ್ತಿದ್ದರು. ಪುಡಿಯಾಗುವ ಮೊದಲೇ ಒಂದು ಭಾರಿ ದವಡೆ ಹಲ್ಲು ಫಾನ್ ಕೋನಿಗ್ಸ್‌ವಾಲ್ಡ್ ಎಂಬ ಪಳೆಯುಳಿಕೆ ತಜ್ಞರ ಕೈಗೆ ಸಿಕ್ಕಿತು. ಆಮೇಲೆ ದಕ್ಷಿಣ ಚೀನಾದ ಗುಹೆಗಳಲ್ಲಿ 4 ಕೆಳದವಡೆ, ಸುಮಾರು 2,000 ಬಿಡಿ ಹಲ್ಲು ಸಿಕ್ಕವು. ತಲೆಬುರುಡೆ ಸಿಕ್ಕಿಲ್ಲ, ಕೈಕಾಲಿನ ಮೂಳೆಯೂ ಇಲ್ಲ. ಮೂಳೆ ಉಳಿಯದೆ ಹೋದದ್ದರಲ್ಲಿ ಮುಳ್ಳುಹಂದಿಗಳ ಪಾಲು ದೊಡ್ಡದು. ಅವು ಮೂಳೆ ಕಡಿದು ತಿನ್ನುತ್ತವೆ, ಹಲ್ಲಿನ ಬೇರನ್ನೂ ಬಿಡುವುದಿಲ್ಲ. ಉಳಿಯುವುದು ಹಲ್ಲಿನ ಗಟ್ಟಿ ಹೊರಪದರ, ಅಂದರೆ ಎನಾಮೆಲ್ ಮಾತ್ರ.

ಹಾಗಾಗಿ ಈಗಿನ ದೊಡ್ಡ ವಾನರಗಳ ದವಡೆಗೂ ಮೈಗೂ ಇರುವ ಅಳತೆ ಹಿಡಿದು ಲೆಕ್ಕ ಹಾಕುತ್ತಾರೆ. ಸುಮಾರು 3 ಮೀಟರ್ ಎತ್ತರ, 200ರಿಂದ 300 ಕೆ.ಜಿ. ತೂಕ ಅಂತ ಉತ್ತರ ಬರುತ್ತದೆ. ತೊಡಕು ಇರುವುದೇ ಇಲ್ಲಿ. ಆಫ್ರಿಕಾದಲ್ಲಿ ಹಿಂದೆ ಇದ್ದ, ಮನುಷ್ಯನ ದೂರದ ನೆಂಟ ಪ್ಯಾರಾಂತ್ರೋಪಸ್‌ಗೆ ನಮಗಿಂತ ಎಷ್ಟೋ ದೊಡ್ಡ ದವಡೆ ಹಲ್ಲುಗಳಿದ್ದವು, ಮೈ ಮಾತ್ರ ನಮಗಿಂತ ಚಿಕ್ಕದು. ಗಟ್ಟಿ ನಾರು ಅಗಿಯುವ ಪ್ರಾಣಿಗೆ ಮೈಗೆ ಮೀರಿದ ಹಲ್ಲು ಬೆಳೆಯಬಹುದು, ಅಲ್ವಾ? ಬಹಳ ದೊಡ್ಡ ಪ್ರಾಣಿ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಅಡಿ, ಇಂಚಿನ ಲೆಕ್ಕ ಮಾತ್ರ ನಂಬಬೇಡಿ.

ಇನ್ನು ನೆಂಟಸ್ತಿಕೆ. ಈ ದೈತ್ಯನೇ ಮನುಷ್ಯನ ಮೂಲ ಅಂತ 1940ರ ದಶಕದಲ್ಲಿ ವೈಡನ್‌ರೈಖ್ ಎಂಬ ವಿಜ್ಞಾನಿ ವಾದಿಸಿದ್ದರು. ಆ ವಾದ ನಿಲ್ಲಲಿಲ್ಲ. 2019ರಲ್ಲಿ ದಕ್ಷಿಣ ಚೀನಾದ ಗುವಾಂಗ್‌ಶಿಯ ಗುಹೆಯೊಂದರ 19 ಲಕ್ಷ ವರ್ಷ ಹಳೆಯ ಹಲ್ಲಿನ ಎನಾಮೆಲ್‌ನಿಂದ ಪ್ರೋಟೀನ್ ತೆಗೆದರು. ಅಲ್ಲಿನ ಬಿಸಿ, ತೇವಕ್ಕೆ ಡಿಎನ್ಎ ಅಷ್ಟು ಕಾಲ ಬಾಳುವುದಿಲ್ಲ. ಪ್ರೋಟೀನ್ ಹೋಲಿಸಿದಾಗ ಇದು ಒರಾಂಗುಟಾನ್ ಕಡೆಯದು ಅಂತ ಖಚಿತವಾಯಿತು. ಇಬ್ಬರೂ ಬೇರೆಯಾಗಿ 1ರಿಂದ 1.2 ಕೋಟಿ ವರ್ಷ ಆಗಿದೆ. ಬೀಜಿಂಗ್ ಹತ್ತಿರದ ಜೌಕೌಡಿಯನ್‌ನಲ್ಲಿ ಸಿಕ್ಕ ಪೀಕಿಂಗ್ ಮಾನವ ಹೋಮೋ ಎರೆಕ್ಟಸ್, ಅಂದರೆ ನಮ್ಮ ಕಡೆಯವನು. ಪೂರ್ವಜನ ಮಾತೇ ಬರುವುದಿಲ್ಲ.

ದೈತ್ಯ ಅಳಿದದ್ದು 2,95,000ದಿಂದ 2,15,000 ವರ್ಷಗಳ ಹಿಂದೆ. ಹವೆ ಬದಲಾಗಿ ಕಾಡು ತೆಳುವಾದಾಗ ಒರಾಂಗುಟಾನ್ ಊಟ ಬದಲಿಸಿಕೊಂಡಿತು. ಈ ದೈತ್ಯ ಮಾತ್ರ ತೊಗಟೆ, ಕಡ್ಡಿಗಳನ್ನೇ ಜಾಸ್ತಿ ನೆಚ್ಚಿಕೊಂಡು ಸೊರಗಿತು ಅನ್ನುವುದು 2024ರ ಅಧ್ಯಯನದ ಅಭಿಪ್ರಾಯ.