ಅಮೆರಿಕದಲ್ಲಿ ಸರ್ಕಾರ ಬಂದ್ ಆದರೆ ಡಿಸಬಿಲಿಟಿ ಅರ್ಜಿ ಏನಾಗುತ್ತದೆ?

ದಾವಣಗೆರೆಯ ಓದುಗರೇ, ನಿಮ್ಮ ಪತ್ರ ತಲುಪಿದೆ. ನ್ಯೂಜೆರ್ಸಿಯಲ್ಲಿರುವ ನಿಮ್ಮ ತಮ್ಮನಿಗೆ ಲಕ್ವ ಹೊಡೆದು ಕೆಲಸ ಹೋಗಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಸೋಶಿಯಲ್ ಸೆಕ್ಯೂರಿಟಿ ಇಲಾಖೆಗೆ ಡಿಸಬಿಲಿಟಿ ಅರ್ಜಿ, ಅಂದರೆ ಕಾಯಿಲೆಯಿಂದ ದುಡಿಯಲಾಗದವರಿಗೆ ತಿಂಗಳು ತಿಂಗಳು ಕೊಡುವ ಹಣಕ್ಕೆ ಅರ್ಜಿ, ಹಾಕಿದ್ದಾರೆ. ಅಕ್ಟೋಬರ್‌ನಲ್ಲಿ ಸರ್ಕಾರವೇ ಬಂದ್ ಆಯಿತು. "ಅರ್ಜಿ ಕಸದಬುಟ್ಟಿಗೆ ಹೋಯಿತಾ?" ಎಂದು ಕೇಳಿದ್ದೀರಿ.

ಹೋಗಿಲ್ಲ. ಗಾಬರಿ ಬೇಡ.

ನಮ್ಮಲ್ಲಿ ಬಜೆಟ್ ತಡವಾದರೆ ಲೇಖಾನುದಾನ ಪಡೆದು ಸಂಬಳ ಕೊಡುತ್ತಾರೆ. ಅಲ್ಲೂ ಅಂಥ ತಾತ್ಕಾಲಿಕ ಮಸೂದೆ ಉಂಟು. ಅದಕ್ಕೂ ಎರಡು ಪಕ್ಷಗಳು ಜಗಳ ಬಿದ್ದರೆ ಕಚೇರಿಗಳ ಬಾಗಿಲು ಮುಚ್ಚುತ್ತವೆ. 2025ರಲ್ಲಿ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ ಹಾಗೇ ಆಯಿತು.

ಆದರೆ ನಿಮ್ಮ ತಮ್ಮ ಕೇಳುತ್ತಿರುವುದು ಆ ಬಜೆಟ್ಟಿನ ಹಣವನ್ನಲ್ಲ. ಪ್ರತಿ ತಿಂಗಳು ಅವರ ಸಂಬಳದಲ್ಲಿ 6.2% ಮುರಿದುಕೊಳ್ಳುತ್ತಿದ್ದರಲ್ಲ, ಕಂಪನಿಯೂ ಅಷ್ಟೇ ಕಟ್ಟುತ್ತಿತ್ತಲ್ಲ, ಅದರ ಒಂದು ಪಾಲು ಡಿಸಬಿಲಿಟಿ ನಿಧಿಗೆ ಹೋಗುತ್ತದೆ. ಅದರಿಂದ ಹಣ ಕೊಡಲು ವರ್ಷ ವರ್ಷ ಯಾರ ಒಪ್ಪಿಗೆಯೂ ಬೇಡ. ಹಾಗಾಗಿ ಮಂಜೂರಾದವರಿಗೆ ಬಂದ್ ಕಾಲದಲ್ಲೂ ಹಣ ಬಂತು. ಬಡ ಅಂಗವಿಕಲರಿಗೆ ಕೊಡುವ ಎಸ್‌ಎಸ್‌ಐ ಮಾತ್ರ ಖಜಾನೆಯ ಹಣ. ಅದಕ್ಕೂ ಅಕ್ಟೋಬರ್‌ನಲ್ಲಿ ಶುರುವಾಗುವ ಹಣಕಾಸು ವರ್ಷದ ಮೊದಲ ಮೂರು ತಿಂಗಳದ್ದನ್ನು ಹಿಂದಿನ ವರ್ಷವೇ ಮಂಜೂರು ಮಾಡಿಟ್ಟಿರುತ್ತಾರೆ.

ತೊಂದರೆ ಇರುವುದು ಸಿಬ್ಬಂದಿಯ ಕಡೆ. ಇಲಾಖೆಯ ಸುಮಾರು 51,800 ನೌಕರರಲ್ಲಿ 6,200ರಷ್ಟು ಜನರನ್ನು ಮನೆಗೆ ಕಳಿಸುವ ಯೋಜನೆ ಇತ್ತು. ಉಳಿದವರು ಬಂದ್ ಮುಗಿಯುವ ತನಕ ಸಂಬಳವಿಲ್ಲದೆ ದುಡಿಯಬೇಕಿತ್ತು. ಅರ್ಜಿ, ಮೇಲ್ಮನವಿ, ವಿಚಾರಣೆ ನಿಲ್ಲಲಿಲ್ಲ. ನಿಂತದ್ದು ಸಣ್ಣಪುಟ್ಟ ಕೆಲಸಗಳು. ಆದರೆ ಕಾಯಿಲೆಯವರ ಪಾಲಿಗೆ ಅವು ಸಣ್ಣವಲ್ಲ. ಬಾಡಿಗೆ ಮನೆಯವರು "ನಿಮಗೆ ಇಷ್ಟು ಹಣ ಬರುತ್ತದೆ ಅನ್ನೋ ಪತ್ರ ತನ್ನಿ" ಅನ್ನುತ್ತಾರೆ. ಕೌಂಟರ್‌ನಲ್ಲಿ ಆ ಪತ್ರ ಕೊಡುವುದನ್ನು ನಿಲ್ಲಿಸಿದ್ದರು. ಇಲಾಖೆಯ ವೆಬ್‌ಸೈಟಿನಲ್ಲಿ ಸ್ವಂತ ಖಾತೆ ಇದ್ದವರು ಅಲ್ಲೇ ಪ್ರಿಂಟ್ ತೆಗೆದುಕೊಂಡರು. ಇಲ್ಲದವರು ಪರದಾಡಿದರು. ಗಳಿಕೆಯ ದಾಖಲೆ ತಿದ್ದುವುದೂ ನಿಂತಿತ್ತು.

ಈಗ ನಿಮ್ಮ ತಮ್ಮನ ತಡದ ವಿಷಯ. ಇವರಿಗೆ ನಿಜಕ್ಕೂ ದುಡಿಯಲು ಆಗುವುದಿಲ್ಲವೇ ಎಂದು ವೈದ್ಯಕೀಯ ದಾಖಲೆ ನೋಡಿ ತೀರ್ಮಾನಿಸುವುದು ರಾಜ್ಯದ ಕಚೇರಿ. ನೌಕರರು ರಾಜ್ಯದವರು, ಖರ್ಚು ಕೇಂದ್ರದ್ದು. ಬಂದ್ ಇಲ್ಲದಿದ್ದರೂ ಅಲ್ಲಿ ಆರು ತಿಂಗಳು ದಾಟುವುದು ಮಾಮೂಲು. ಸಾಲದ್ದಕ್ಕೆ 2025ರ ಫೆಬ್ರವರಿಯಲ್ಲೇ ಸೋಶಿಯಲ್ ಸೆಕ್ಯೂರಿಟಿ ಇಲಾಖೆ ತನ್ನ ಸಿಬ್ಬಂದಿಯನ್ನು 57,000ದಿಂದ 50,000ಕ್ಕೆ ಇಳಿಸುವುದಾಗಿ ಹೇಳಿತ್ತು. ಎಲ್ಲ ತಡಕ್ಕೂ ಬಂದ್ ಕಾರಣ ಅಂದುಕೊಳ್ಳುವುದು ಸುಮ್ನೆ ಸಮಾಧಾನ ಅಷ್ಟೇ.

ನನಗೆ ಭಯ ಬೇರೆಯದು. ಮೊದಲ ಸುತ್ತಿನಲ್ಲಿ ತಿರಸ್ಕಾರವಾಗುವ ಅರ್ಜಿಗಳೇ ಜಾಸ್ತಿ. ತಿರಸ್ಕಾರದ ಪತ್ರ ಕೈಸೇರಿದ ಮೇಲೆ ಮರುಪರಿಶೀಲನೆ ಕೇಳಲು 60 ದಿನ. "ಸರ್ಕಾರವೇ ಬಂದ್, ಆಮೇಲೆ ನೋಡೋಣ" ಎಂದು ಕೂತರೆ ಗಡುವು ಕಾಯುವುದಿಲ್ಲ. ಟಪಾಲು ದಿನಾ ನೋಡಲು ಹೇಳಿ. ಇಲಾಖೆಯ ಖರ್ಚಿನಲ್ಲಿ ವೈದ್ಯರ ತಪಾಸಣೆಗೆ ಕರೆದರೆ ತಪ್ಪದೆ ಹೋಗಲಿ. ಅಲ್ಲದೆ ಮಂಜೂರಾದರೂ ಕಾಯಿಲೆ ಶುರುವಾದ ಮೊದಲ ಐದು ಪೂರ್ತಿ ತಿಂಗಳಿಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆ ತಿಂಗಳುಗಳ ಖರ್ಚಿಗೆ ಮನೆಯವರೆಲ್ಲ ಕೂತು ಈಗಲೇ ಲೆಕ್ಕ ಹಾಕಿಕೊಳ್ಳಿ.

— ಸಂಪಾದಕ