ಆನ್‌ಲೈನ್ ಬೇಸ್‌ಬಾಲ್ ಲೀಗಲ್ಲಿ ಡ್ರಾಫ್ಟ್ ಮುಖ್ಯನಾ, ದಿನಾ ಟೀಮ್ ನೋಡ್ಕೊಳ್ಳೋದಾ?

ಔಟ್ ಆಫ್ ದ ಪಾರ್ಕ್ (ಕಂಪ್ಯೂಟರಲ್ಲಿ ಬೇಸ್‌ಬಾಲ್ ಟೀಮ್ ನಡೆಸೋ ಗೇಮ್) ಆಡೋ ಲೀಗ್‌ಗೆ ಹೊಸದಾಗಿ ಸೇರ್ತಿದೀನಿ, ಯಾವುದಕ್ಕೆ ಜಾಸ್ತಿ ಟೈಮ್ ಕೊಡ್ಲಿ ಅಂತ ಕೇಳಿದೀರ. ದಾವಣಗೆರೆಲಿ ಕೂತ್ಕೊಂಡು ಅಮೆರಿಕದೋರ ಜೊತೆ ನಾಕು ಸೀಸನ್ ಆಡಿದೀನ್ರಿ, ನನ್ನ ಕೇಳಿದ್ರೆ ದಿನದ ಕೆಲಸಕ್ಕೇ.

ಲೀಗ್ ಶುರುವಲ್ಲಿ ಎಲ್ಲಾ ಆಟಗಾರರನ್ನೂ ಹಂಚ್ಕೊಳ್ಳೋ ಡ್ರಾಫ್ಟ್ ಬೇರೆ, ಅಲ್ಲಿ ಎಡವಿದ್ರೆ ಒಂದೆರಡು ವರ್ಷ ಅನುಭವಿಸ್ಬೇಕು, ಅದಕ್ಕೆ ನಿದ್ದೆಗೆಟ್ಟು ಕೂರಿ. ನಾನು ಹೇಳ್ತಿರೋದು ವರ್ಷಾವರ್ಷ ಬರೋ ಹೊಸ ಹುಡುಗರ ಡ್ರಾಫ್ಟು. 18ರ ಪಿಚರ್‌ನ (ಚೆಂಡು ಎಸೆಯೋನ) ಎತ್ಕೊಂಡ್ರೆ ಮೇಲಿನ ಟೀಮಿಗೆ ಬರೋಕೆ ಮೂರ್ನಾಕು ವರ್ಷ, ಅಷ್ಟರೊಳಗೆ ಮೊಣಕೈ ಹೋದ್ರೆ ಕಥೆ ಮುಗೀತು. ನಿಜವಾದ ಬೇಸ್‌ಬಾಲ್‌ನಲ್ಲೇ ಮೈಕ್ ಪಿಯಾಜಾ ಅನ್ನೋ ಆಟಗಾರನ್ನ 1988ರ ಡ್ರಾಫ್ಟಲ್ಲಿ 62ನೇ ರೌಂಡ್‌ವರೆಗೂ ಯಾರೂ ಮುಟ್ಟಿರಲಿಲ್ಲ, ಆಮೇಲೆ ಹಾಲ್ ಆಫ್ ಫೇಮಿಗೆ ಹೋದ. ಸಂಬಳ ತಗೊಂಡು ಆಟಗಾರರನ್ನ ಹುಡುಕೋ ಸ್ಕೌಟ್‌ಗಳಿಗೇ ಹಂಗಾದ್ರೆ ನಾವ್ಯಾವ ಲೆಕ್ಕ.

ಅದೇ ಸೀಸನ್ ನೋಡ್ರಿ, 162 ಮ್ಯಾಚು, ಟೀಮಲ್ಲಿ 26 ಜನ. ಎದುರಿಗೆ ಎಡಗೈ ಪಿಚರ್ ಬಂದ್ರೆ ಒಂದು ಲೈನಪ್ಪು, ಬಲಗೈಗೆ ಇನ್ನೊಂದು, ನಿನ್ನೆ ಮೊನ್ನೆ ಎರಡೆರಡು ಇನಿಂಗ್ಸ್ ಹಾಕಿದ ರಿಲೀವರ್‌ಗೆ (ಮ್ಯಾಚ್ ಮಧ್ಯೆ ಬರೋ ಪಿಚರ್‌ಗೆ) ಇವತ್ತು ರೆಸ್ಟು. ಒಂದ್ಸಲ ಹಿರಿಯೂರಲ್ಲಿ ಮದುವೆ ಅಂತ ಲ್ಯಾಪ್‌ಟಾಪ್ ಮನೇಲೇ ಬಿಟ್ಟು ಹೋದೆ, ಕಂಪ್ಯೂಟರೇ ಟೀಮ್ ನೋಡ್ಕೊಳ್ಳೋ ಆಟೋ ಸೆಟ್ಟಿಂಗೂ ಆಫ್ ಮಾಡಿಟ್ಟಿದ್ದೆ. ಲೀಗ್ ನಡೆಸೋ ಕಮಿಷನರ್ ಒಂದೇ ಸಲ ಒಂದು ವಾರದ ಮ್ಯಾಚು ಓಡ್ಸಿದ, ಎರಡನೇ ದಿನನೇ ನಮ್ಮ ಶಾರ್ಟ್‌ಸ್ಟಾಪ್‌ಗೆ (ಎರಡನೇ ಮೂರನೇ ಬೇಸ್ ಮಧ್ಯೆ ಚುರುಕಾಗಿ ಚೆಂಡು ಹಿಡಿಯೋನಿಗೆ) ಏಟು, ಅವನ ಜಾಗದಲ್ಲಿ ನಿಂತಿದ್ದು ಹುಟ್ಟಿದಾಗಿಂದ ಫಸ್ಟ್ ಬೇಸ್ ಬಿಟ್ಟು ಬೇರೆ ಏನೂ ಆಡದೇ ಇರೋ ದಪ್ಪ ಮನುಷ್ಯ. ಊಟದ ಪಂಕ್ತೀಲಿ ಕೂತು ಮೊಬೈಲಲ್ಲಿ ಬಾಕ್ಸ್ ಸ್ಕೋರ್ ತೆಗೆದ್ರೆ ಫೀಲ್ಡಿಂಗಲ್ಲಿ ಏಳು ಎರರು, ಐದು ಸೋಲು! ಹೋಳಿಗೆ ಬಾಯಲ್ಲೇ ನಿಂತೋಯ್ತು. ಆ ವರ್ಷ ಪ್ಲೇಆಫ್ ಒಂದೇ ಮ್ಯಾಚಲ್ಲಿ ತಪ್ಪಿದ್ದು, ಆದ್ರೆ ಡ್ರಾಫ್ಟ್ ಆದಾಗ ಎಲ್ರೂ ನನ್ನೇ ಹೊಗಳಿದ್ರು ಅನ್ನೋದು ಬೇರೆ ವಿಷ್ಯ.

ದಿನಾ ಗಂಟೆಗಟ್ಟಲೆ ಬೇಕಾಗಲ್ಲ. ನ್ಯೂಯಾರ್ಕಲ್ಲಿ ರಾತ್ರಿ 9:30 ಅಂದ್ರೆ ಬೇಸಿಗೇಲಿ ನಮಗೆ ಬೆಳಿಗ್ಗೆ 7, ಸಿಮ್ (ಕಂಪ್ಯೂಟರ್ ಮ್ಯಾಚ್ ಓಡ್ಸೋದು) ಮುಗಿದಿರುತ್ತೆ, ಬೆಣ್ಣೆದೋಸೆ ಆರ್ಡರ್ ಮಾಡಿ ಅದು ಬರೋಷ್ಟರಲ್ಲಿ ಯಾರಿಗೆ ಏಟಾಗಿದೆ ಅಂತ ನೋಡಿರ್ತೀನಿ, ಮನೆಗೆ ಬಂದು ಬದಲಾಯಿಸಿ ಫೈಲ್ ಕಳಿಸಿದ್ರೆ ಆಯ್ತು.

ಕೈ ಸುಮ್ಮನಿರಲ್ಲ ಅಂತ ಜಾಸ್ತಿ ಕೆದಕೋಕೂ ಹೋಗ್ಬೇಡಿ ಮತ್ತೆ. ಒಂದು ವಾರ ಬ್ಯಾಟ್ ಓಡ್ಲಿಲ್ಲ ಅಂತ ಒಬ್ಬನ್ನ ಸಿಟ್ಟಲ್ಲಿ ಕೆಳಗಿನ ಟೀಮಿಗೆ ತಳ್ಳಿದೆ, ಅವನ ಆಪ್ಷನ್ (ಬೇರೆ ಟೀಮಿನ ಕೈಗೆ ಸಿಗದಂಗೆ ಕೆಳಗೆ ಕಳ್ಸೋ ಅವಕಾಶ) ಮುಗಿದಿರೋದು ನೋಡ್ಲೇ ಇಲ್ಲ, ಬೇರೆ ಟೀಮುಗಳು ಎತ್ಕೋಬಹುದಾದ ವೇವರ್ಸಲ್ಲಿ ನಮ್ಮ ಡಿವಿಜನ್ನಿನೋನೇ ಎತ್ಕೊಂಡು ಹೋದ, ಈಗ ನಮ್ಮ ಮೇಲೇ ಹೋಮ್ ರನ್ ಹೊಡೀತಾ ಇದಾನೆ.